ಬೀಳಿಸಿದ ಐಸ್‌ಗೆ ನಮಸ್ಕಾರ

ಸ್ಯಾನ್ ಡಿಯಾಗೋದ ಐಸ್ ರಿಂಕ್‌ನಲ್ಲಿ ಸ್ಕೇಟಿಂಗ್ ಸ್ಪರ್ಧೆ. ಈ ವರ್ಷವಷ್ಟೇ ಜೂನಿಯರ್‌ನಿಂದ ಸೀನಿಯರ್ ವಿಭಾಗಕ್ಕೆ ಬಂದ ಜಪಾನಿ ಹುಡುಗಿ ಮೊದಲ ಜಿಗಿತದಲ್ಲೇ ಧೊಪ್ಪನೆ ಬಿದ್ದಳು.

"ಅಯ್ಯೋ, ಮೆಡಲ್ ಹೋಯ್ತಲ್ಲ!" ಎಂದರು ನನ್ನನ್ನು ಕರೆತಂದಿದ್ದ ಸುಮಾ ಆಂಟಿ.

ಹುಡುಗಿಯೋ ಎದ್ದು, ಮಿಕ್ಕ ಜಿಗಿತಗಳನ್ನೆಲ್ಲ ನಗುನಗುತ್ತ ಮುಗಿಸಿದಳು. ಹೊರಗೆ ಕಾಲಿಡುವ ಮುನ್ನ ತಿರುಗಿ, ತನ್ನನ್ನು ಬೀಳಿಸಿದ ಐಸ್‌ಗೇ ಸೊಂಟ ಬಗ್ಗಿಸಿ ವಂದಿಸಿದಳು. ನಾನೂ ಕೈಮುಗಿಯುವುದರಲ್ಲಿದ್ದೆ.

ಆಂಟಿಯ ಪಕ್ಕ ಕೂತಿದ್ದ ಮಗಳು ರಿಯಾ ಸ್ಕೇಟಿಂಗ್ ಕಲಿಯುವುದೂ ಇಲ್ಲೇ. ನಿನ್ನೆ ಬಿದ್ದ ಸಿಟ್ಟಿಗೆ ಐಸನ್ನು ಒದ್ದು ಬಂದಿದ್ದಳು. ಸ್ಪರ್ಧೆ ಮುಗಿದಾಗ ಅವಳು ರಿಂಕ್‌ನ ಬಾಗಿಲಲ್ಲಿ ಬಗ್ಗಿ, ಪುಸ್ತಕಕ್ಕೆ ಕಾಲು ತಾಗಿದರೆ ನಾವು ಮಾಡುವಂತೆ, ಐಸ್ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಯಾರೇ ಹೇಳಿಕೊಟ್ಟಿದ್ದು ನಿಂಗೆ?" ಆಂಟಿಗೆ ಅಚ್ಚರಿ.

"ಅಮ್ಮಾ, ಇಟ್ಸ್ ಸೋ ಕೋಲ್ಡ್!" ಎಂದು ಕಿರುಚಿದ ರಿಯಾ, ಇನ್ನೊಂದು ಕಣ್ಣಿಗೂ ಒತ್ತಿಕೊಂಡಳು.