ಹಳ್ಳದ ತಳದ ಎಣ್ಣೆ ಪೈಪು

ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತವರೂರಿಗೂ ಗಂಡನ ಊರಿಗೂ ನಡುವೆ ಒಂದು ಹಳ್ಳ, ಅಷ್ಟೇ ದೂರ. ನವಲಗುಂದಕ್ಕೆ ಹೋಗುವ ಬಸ್ಸಿನ ರಸ್ತೆ ಗಂಡನ ಊರಿನ ಬದಿಗಿತ್ತು. ತವರೂರಿಗೆ ರಸ್ತೆಯೇ ಇರಲಿಲ್ಲ. ಆದರೆ ಎರಡೂ ಊರಿಗೆ ಇದ್ದ ಒಂದೇ ಹಿಟ್ಟಿನ ಗಿರಣಿ ತವರೂರಿನಲ್ಲಿ, ಹಳ್ಳದ ದಂಡೆಗಿತ್ತು. ಅದನ್ನು ನಡೆಸುತ್ತಿದ್ದವನು ನನ್ನ ಅಣ್ಣ.

ಗಿರಣಿ ಓಡುತ್ತಿದ್ದದ್ದು ಡೀಸೆಲ್ ಎಂಜಿನ್ನಿನಿಂದ. ಎಪ್ಪತ್ತರ ದಶಕದ ನಡುವಿನಲ್ಲಿ ಡೀಸೆಲ್ ಸಿಗುವುದೇ ಕಷ್ಟವಾಯಿತು. ಕಡಲಾಚೆಯ ದೇಶಗಳು ಸಿಟ್ಟಾಗಿ ಎಣ್ಣೆ ಬಿಗಿಹಿಡಿದಿವೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಅವರ ಸಿಟ್ಟಿಗೂ ನಮ್ಮ ಜೋಳದ ಹಿಟ್ಟಿಗೂ ಏನು ಸಂಬಂಧವೋ ನನಗೆ ತಿಳಿಯುತ್ತಿರಲಿಲ್ಲ. ಸಿಕ್ಕಾಗ ಸಿಕ್ಕಷ್ಟು ಬ್ಯಾರಲ್ ತಂದಿಡಬೇಕೆಂದರೆ, ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನಲ್ಲಿ ಚಕ್ಕಡಿಗಳು ಅಚ್ಚಿನ ತನಕ ಹೂತುಬಿಡುತ್ತಿದ್ದವು. ಕೊನೆಗೆ ನನ್ನ ಮಾವ ರಸ್ತೆ ಬದಿಯ ತಮ್ಮ ದಿಬ್ಬದ ಮೇಲೆ ಬ್ಯಾರಲ್ ಇಡಲು ಜಾಗ ಕೊಟ್ಟರು. ಅಣ್ಣ ಅಲ್ಲಿಂದ ಒಂದು ಸಣ್ಣ ಕಬ್ಬಿಣದ ಪೈಪನ್ನು ಹಳ್ಳದ ತಳದಲ್ಲಿ ಹೂಳಿ ಗಿರಣಿಯವರೆಗೆ ಎಳೆದ. ಇಳಿಜಾರಿದ್ದುದರಿಂದ ಎಣ್ಣೆ ತಾನಾಗಿಯೇ ಹರಿದು ಹೋಗುತ್ತಿತ್ತು. ಎರಡೂ ಊರಿನ ಹಿರಿಯರು ಒಪ್ಪಿಯೇ ಮಾಡಿದ ಕೆಲಸ ಅದು.

ಆದರೆ ಅದೇ ಹಳ್ಳದ ನೀರು ಮುಂದೆ ಗಂಡನ ಊರಿನ ಕೆರೆಗೆ ಹೋಗುತ್ತಿತ್ತು. ಅಲ್ಲಿ ಬಾವಿಗಳೆಲ್ಲ ಸವಳು, ಬರೀ ಉಪ್ಪು. ಊರಿಡೀ ಕುಡಿಯುತ್ತಿದ್ದದ್ದು ಕೆರೆಯ ನೀರನ್ನೇ.

ಮುಂಗಾರಿಗೆ ಕೆರೆ ತುಂಬಿದ ಮೇಲೆ ಒಂದು ಮುಂಜಾನೆ ಅತ್ತೆ ಕೊಡ ಇಳಿಸಿ ಮುಖ ಸಿಂಡರಿಸಿದರು.

"ನೀರು ಎಣ್ಣಿ ನಾರತೈತಿ. ಮೂಸಿ ನೋಡು."

ಮೂಸಿದೆ. ಹೊಸ ನೀರಿನ ಮಣ್ಣಿನ ವಾಸನೆ, ಕೊಡ ತಿಕ್ಕಿದ ಹುಣಸೆಹಣ್ಣಿನ ವಾಸನೆ. ಅದರಡಿ ಇನ್ನೇನೋ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಗಂಡ ಮೂಸಿ, "ಏನೂ ಇಲ್ಲ ಬಿಡಬೇ" ಎಂದರು. ಮಧ್ಯಾಹ್ನ ನಾನೊಬ್ಬಳೇ ಮತ್ತೆ ಮೂಸಿದೆ. ಆಗ ಖಂಡಿತ ಎಣ್ಣೆಯೇ ಅನ್ನಿಸಿತು. ಸಂಜೆ ಮೂಸಿದರೆ ಏನೂ ಇರಲಿಲ್ಲ.

ವಾರದೊಳಗೆ ಊರು ಎರಡಾಯಿತು. ಕೆರೆಯ ಅಂಚಿನ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡೆವೆಂದು ಕೆಲವರು, ಅದು ಹಳ್ಳದಲ್ಲಿ ಚಕ್ಕಡಿ ತೊಳೆದಾಗ ಬಿಟ್ಟ ಕೀಲೆಣ್ಣೆ ಎಂದು ಕೆಲವರು. ಕೆರೆಯ ಏರಿಯ ಮೇಲೆ ಎರಡೂ ಊರಿನವರು ಸೇರಿದರು. ಅಣ್ಣ ಎಲ್ಲರೆದುರು ನಿಂತು ಕೂಗಿದ.

"ನನ್ನ ತಂಗಿ ಇದ್ದೂರ ನೀರಿಗೆ ನಾ ಎಣ್ಣಿ ಬಿಡ್ತೀನೇನ್ರಿ? ಆಕೀನ್ನ ಕೇಳ್ರಿ. ದಿನಾ ಕುಡಿಯಾಕಿ ಆಕಿ!"

ನನ್ನನ್ನು ಮುಂದಕ್ಕೆ ಕರೆದರು. ಹಿರಿಯರೊಬ್ಬರು ಕೆರೆಯಲ್ಲಿ ತಂಬಿಗೆ ಅದ್ದಿ ಕೊಟ್ಟರು. "ಕುಡದು ಹೇಳವಾ. ಯಾರ ಮಾರಿನೂ ನೋಡಬ್ಯಾಡ."

ಸೆರಗು ಸರಿಮಾಡಿಕೊಂಡು ಕುಡಿದೆ. ಒಂದು ಕಡೆ ಅಣ್ಣ, ಇನ್ನೊಂದು ಕಡೆ ಅತ್ತೆ. ನಾಲಿಗೆಯ ಮೇಲೆ ನೀರಿತ್ತು, ರುಚಿ ಮಾತ್ರ ಸಿಗಲಿಲ್ಲ.

"ನನಗ ತಿಳೀವಲ್ದ್ರಿ" ಎಂದೆ.

ಯಾರೋ ನಕ್ಕರು. ಅಣ್ಣ ತಲೆ ತಗ್ಗಿಸಿದ. ಅತ್ತೆ ಆ ದಿನವೆಲ್ಲ ನನ್ನೊಡನೆ ಮಾತಾಡಲಿಲ್ಲ. ನಿಜ ಹೇಳಿದ್ದಕ್ಕೆ ಇಬ್ಬರಿಗೂ ಬೇಡವಾದೆನಲ್ಲ ಎಂದು ಅಡುಗೆಮನೆಯಲ್ಲಿ ಕುಳಿತು ಕಣ್ಣೀರು ಹಾಕಿದೆ.

ಮರುದಿನ ದಂಡೆಯಲ್ಲಿ ಪೈಪು ಅಗೆದು ನೋಡಿದರು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ. ಅದು ಒಂದು ಜೋಡಣೆಯನ್ನು ತುಸು ಸೊಟ್ಟಗೆ ಮಾಡಿತ್ತು. ಅದರ ಸುತ್ತ ಮಣ್ಣು ಕರ್ರಗೆ ಹಸಿಯಾಗಿತ್ತು. ಆದರೆ ಆ ಮಳೆಯಲ್ಲಿ ಎಲ್ಲಿ ಅಗೆದರೂ ಮಣ್ಣು ಕರ್ರಗೆ ಹಸಿಯಾಗಿಯೇ ಇತ್ತು. ಎಣ್ಣೆಯಿದ್ದರೆ ಹತ್ತೀತೆಂದು ಒಬ್ಬರು ಮಣ್ಣಿನ ಹೆಂಟೆಗೆ ಬೆಂಕಿಕಡ್ಡಿ ಗೀರಿ ಹಿಡಿದರು. ಕಡ್ಡಿ ಆರಿತು. ಏನೇ ಇರಲಿ, ಮಳೆಗಾಲ ಮುಗಿಯುವ ತನಕ ಪೈಪಿಗೆ ಎಣ್ಣೆ ಬಿಡುವುದು ಬೇಡ ಎಂದು ತೀರ್ಮಾನವಾಯಿತು.

ಗಿರಣಿ ನಿಂತಿತು. ಮನೆಮನೆಯಲ್ಲಿ ಬೀಸುಕಲ್ಲು ಹೊರಬಂದವು. ಎಣ್ಣೆ ನಾರುತ್ತದೆಂದು ಮೊದಲು ಕೂಗಾಡಿದ ಪಕ್ಕದ ಮನೆಯಾಕೆಯೇ ಅಂಗೈ ಬೊಬ್ಬೆ ತೋರಿಸಿ, "ನಿಮ್ಮಣ್ಣ ಯಾವಾಗ ಚಾಲೂ ಮಾಡ್ತಾನವಾ?" ಎಂದು ನನ್ನನ್ನು ಕೇಳಿದಳು.

ಅಣ್ಣ ಡೀಸೆಲ್ಲನ್ನು ಡಬ್ಬಿಗಳಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಹಳ್ಳ ದಾಟತೊಡಗಿದ. ನಾಲ್ಕನೆಯ ದಿನ ಕಾಲು ಜಾರಿತು. ಡಬ್ಬಿ ಬಂಡೆಗೆ ಬಡಿದು ಒಡೆದು, ಇದ್ದ ಎಣ್ಣೆಯೆಲ್ಲ ಹರಿಯುವ ನೀರಿಗೆ ಸೇರಿತು. ಅವನು ಸುಮ್ಮನಿರಬಹುದಿತ್ತು, ನೋಡಿದವರು ಯಾರೂ ಇರಲಿಲ್ಲ. ಮೊಳಕಾಲಿನಲ್ಲಿ ರಕ್ತ ಸೋರುತ್ತಿದ್ದಂತೆಯೇ ಗಂಡನ ಊರಿಗೆ ಓಡಿಬಂದ.

"ನೀರು ತುಂಬಬ್ಯಾಡ್ರಿ! ಎಣ್ಣಿ ಚೆಲ್ಲೇತಿ, ನನ್ನ ಕೈಲೇ ಚೆಲ್ಲೇತಿ!"

ಕೆರೆ ಎಂಟು ದಿನ ನಾರಿತು. ಈ ಸಲ ಮೂಸಿ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ. ಮನೆಗಳ ಹಂಚಿನಿಂದ ಇಳಿಯುವ ಮಳೆನೀರು ಹಿಡಿದು ಕುಡಿದೆವು. ನಾನು ಮಾತ್ರ ದಿನಾ ಏರಿಗೆ ಹೋಗಿ ನಿಲ್ಲುತ್ತಿದ್ದೆ. ಮೊದಲು ಬಂದದ್ದು ಇದೇ ವಾಸನೆಯೇ ಎಂದು ಹೋಲಿಸಿ ನೋಡುತ್ತಿದ್ದೆ. ಒಮ್ಮೆ ಹೌದೆನ್ನಿಸುತ್ತಿತ್ತು, ಒಮ್ಮೆ ಅಲ್ಲವೆನ್ನಿಸುತ್ತಿತ್ತು.

ನಾಗರ ಪಂಚಮಿಗೆ ಅಣ್ಣ ತವರಿಗೆ ಕರೆಯಲು ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಅತ್ತೆ ನೀರು ಕೊಟ್ಟರು, ಅವನು ಕುಡಿದ. ಹಳ್ಳದ ಹಾದಿಯಲ್ಲಿ ಮುಂದೆ ನಡೆಯುತ್ತಿದ್ದವನು ತಿರುಗದೆಯೇ ಕೇಳಿದ.

"ಅವತ್ತು ಖರೇನ ತಿಳೀಲಿಲ್ಲೇನು?"

"ಖರೇನ ತಿಳೀಲಿಲ್ಲ, ಅಣ್ಣಾ."

ತುಸು ದೂರ ನಡೆದ ಮೇಲೆ ಅವನೇ ಹೇಳಿದ. "ಬ್ಯಾರಲ್‌ದಾಗ ಒಮ್ಮೊಮ್ಮೆ ಎಣ್ಣಿ ಕಮ್ಮಿ ಅನಸ್ತಿತ್ತು. ತಂದಾಗನ ಕಮ್ಮಿ ಇತ್ತೋ, ಸೋರಿತ್ತೋ... ನನಗೂ ತಿಳೀಲಿಲ್ಲ."

ಅದನ್ನು ನಾನು ಗಂಡನ ಮನೆಯಲ್ಲಿ ಹೇಳಬೇಕಿತ್ತೇ? ಹೇಳಲಿಲ್ಲ. ಸುಗ್ಗಿಯ ನಂತರ ಹಿರಿಯರು ಮತ್ತೆ ಸೇರಿ, ಹೊತ್ತು ಚೆಲ್ಲುವುದಕ್ಕಿಂತ ಪೈಪೇ ವಾಸಿ, ಆದರೆ ಎಲ್ಲರ ಕಣ್ಣಿಗೆ ಕಾಣುವಂತಿರಲಿ ಎಂದರು. ಕಲ್ಲುಕಂಬ ನೆಟ್ಟು ಹಳ್ಳದ ಮೇಲಿನಿಂದ ಪೈಪು ಎಳೆದರು. ಕೆಲವು ವರ್ಷಗಳ ಮೇಲೆ ತವರೂರಿಗೆ ಕರೆಂಟು ಬಂದು ಅಣ್ಣ ಎಂಜಿನ್ನು ಮಾರಿದ. ಅಲ್ಲಿಯವರೆಗೂ ನೀರಿಗೆ ಹೋದವರು ಕಂಬಗಳ ಕೆಳಗೆ ನಿಂತು, ಹನಿ ಬೀಳುತ್ತದೋ ಎಂದು ತಲೆಯೆತ್ತಿ ನೋಡಿಯೇ ಮುಂದೆ ಹೋಗುತ್ತಿದ್ದರು.