ಬಾಡಿಗೆ ಖೋಲಿ, ಹಿತ್ತಲ ಹಂಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಇದ್ದ ಮನೆಯಲ್ಲಿ ಇನ್ನೊಬ್ಬರನ್ನು ಇಟ್ಟುಕೊಂಡು ನೋಡು ಎಂದು ಮಾತ್ರ ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಐವತ್ತು ದಾಟಿದ ಮೇಲೆ ನಾನು ಆ ಉಸಾಬರಿಗೆ ಹೋಗುತ್ತಿರಲಿಲ್ಲ. ಹೇಳದೆ ಇದ್ದದ್ದೇ ಒಳ್ಳೆಯದಾಯಿತು.

ಮುದ್ದೇಬಿಹಾಳದಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಓಣಿಗೆ ತಾಗಿ ಒಂದು ಖೋಲಿ, ಅದರ ಹಿಂದೆ ಪಡಸಾಲೆ, ಅಡುಗೆಮನೆ, ಕೊನೆಗೆ ಹಿತ್ತಲು. ಮುಂದಿನ ಆ ಖೋಲಿಯಲ್ಲಿ ನನ್ನ ಗಂಡ ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಿ, ಚಡ್ಡಿ ಹೊಲಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಯಂತ್ರವನ್ನು ಅವರ ಶಿಷ್ಯನೊಬ್ಬನಿಗೆ ಕೊಟ್ಟೆ, ಖೋಲಿ ಖಾಲಿ ಬಿತ್ತು. ನಮಗೆ ಮಕ್ಕಳಾಗಲಿಲ್ಲ. ಊರಿನ ಬಾಯಿ ನನ್ನನ್ನು ಬಂಜಿ ಎನ್ನುತ್ತಿತ್ತು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ನನ್ನ ನಾಲಿಗೆಯ ಪರಿಚಯ ಎಲ್ಲರಿಗೂ ಇತ್ತು. ಆದರೆ ಯಾರ ಮನೆಯಲ್ಲಾದರೂ ಬಸುರಿ ಬೇನೆ ತಿನ್ನುವಾಗ ಓಣಿಯ ಹೆಂಗಸರೆಲ್ಲ ಓಡುತ್ತಿದ್ದರು, ನನ್ನೊಬ್ಬಳನ್ನು ಕರೆಯುತ್ತಿರಲಿಲ್ಲ. ಮಕ್ಕಳಾಗದವಳ ನೆರಳು ಹೆರಿಗೆಯ ಕೋಣೆಗೆ ಬೀಳಬಾರದು, ನಮ್ಮ ಕಡೆ ಅದು ಪದ್ಧತಿ. ನಾನು ಬಾಗಿಲು ಮುಂದೆ ಮಾಡಿಕೊಂಡು ಜೋಳ ಹಸನು ಮಾಡುತ್ತ ಕೂಡುತ್ತಿದ್ದೆ. ಸಿಟ್ಟು ಬರುತ್ತಿತ್ತು. ಅಳುವೂ ಬರುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ಎದುರು ಮನೆಯ ಬಳೆಗಾರ ನನ್ನ ಗಂಡನ ಗೆಳೆಯ. ಮುಸಲ್ಮಾನರು, ಮುತ್ತಜ್ಜನ ಕಾಲದಿಂದಲೂ ಅದೇ ಓಣಿಯವರು. ದಿನಾ ಮುಂಜಾನೆ ಹೆಗಲಿಗೆ ಬಳೆಯ ಗಂಟು ಹಾಕಿಕೊಂಡು ಹೊರಡುವ ಆತ, ನನ್ನ ಗಂಡ ಹೋದಂದಿನಿಂದ ಓಣಿಯ ತಿರುವು ದಾಟಿದ ಮೇಲೆಯೇ "ಬಳೀ..." ಎಂದು ಕೂಗು ಶುರು ಮಾಡುತ್ತಿದ್ದ. ಬಳೆ ತೆಗೆದು ಬರಿಗೈಯಾದ ನನ್ನ ಕಿವಿಗೆ ಅದು ಬೀಳಬಾರದೆಂದು. ಈ ವಿಷಯ ನಾವಿಬ್ಬರೂ ಎಂದೂ ಮಾತಾಡಿದವರಲ್ಲ.

ಕನ್ನಡ ನಾಡೆಲ್ಲ ಕೂಡಿ ಒಂದೇ ರಾಜ್ಯವಾದ ಹೊಸತು. ಒಂದು ಮಧ್ಯಾಹ್ನ ಆ ಬಳೆಗಾರ ಟ್ರಂಕು ಹೊತ್ತುಕೊಂಡು ಬಂದ. ಹಿಂದೆ ಬಿಳಿ ಸೀರೆಯ ಒಬ್ಬ ಹುಡುಗಿ.

"ವೈನಿ, ಈಕಿ ದವಾಖಾನಿಗಿ ಹೊಸದಾಗಿ ಬಂದ ನರ್ಸಬಾಯಿ. ಮೈಸೂರ ಕಡಿಯಾಕಿ. ಊರ ತುಂಬ ಖೋಲಿ ಹುಡುಕಾಕತ್ತಾಳ, ಯಾರೂ ಕೊಡವಲ್ರು."

"ಯಾಕ ಕೊಡವಲ್ರಂತ?"

"ಹೆರಿಗಿ ಮಾಡಿಸಿ ಬಂದಾಕಿ ಮನಿಯೊಳಗ ಅಡ್ಡಾಡಿದ್ರ ಮೈಲಿಗಿ ಆಗತೈತಂತ."

ಹುಡುಗಿ ನೆಲ ನೋಡುತ್ತ ಮೆಲ್ಲಗೆ ಅಂದಳು: "ಅಮ್ಮ, ಮನೆ ಸಿಗದಿದ್ದರೆ ಕೆಲಸ ಬಿಟ್ಟು ಊರಿಗೆ ಹೋಗಬೇಕಾಗುತ್ತೆ. ಅಪ್ಪ ಅದಕ್ಕೇ ಕಾಯ್ತಿದ್ದಾರೆ. ಹೋದರೆ ಮತ್ತೆ ಕಳಿಸೋದಿಲ್ಲ."

"ಮೈಲಿಗಿ ನನ್ನ ಮನ್ಯಾಗೂ ಮೈಲಿಗಿನ," ಎಂದೆ ನಾನು. "ಹೆರಿಗಿ ಮಾಡಿಸಿ ಬಂದಾಗ ಮುಂದಿನ ಬಾಗಿಲದಿಂದ ಬರಬ್ಯಾಡ. ಸಂದಿ ಹಿಡದು ಹಿತ್ತಲಕ್ಕ ಹೋಗು. ಅಲ್ಲೇ ಜಳಕ ಮಾಡು, ಬ್ಯಾರೆ ಸೀರಿ ಉಡು, ಆಮ್ಯಾಲೆ ಒಳಗ ಬಾ. ಕಬೂಲಿದ್ರ ಟ್ರಂಕ ಇಳಿಸು."

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಬಳೆಗಾರ ನಕ್ಕುಬಿಟ್ಟ. "ಬಾಯಿ, ಅವರು ಬೈಯಾಕತ್ತಿಲ್ರಿ, ಹೂಂ ಅಂದಾರ! ನಮ್ಮ ಕಡಿ ಮಾತ ಹಿಂಗ," ಎಂದು ಟ್ರಂಕನ್ನು ಖೋಲಿಯಲ್ಲಿ ಇಳಿಸಿಯೇ ಬಿಟ್ಟ.

ಆ ನಿಯಮಕ್ಕೆ ನಾನು ಇವತ್ತಿಗೂ ನಾಚುವುದಿಲ್ಲ. ಬೇರೆಯವರು ಬಾಗಿಲು ಹಾಕಿದರು, ನಾನು ಹಿತ್ತಲ ಬಾಗಿಲನ್ನಾದರೂ ತೆಗೆದೆ. ಇನ್ನೊಂದು ನಿಯಮವನ್ನೂ ಹೇಳಿದ್ದೆ: ಖೋಲಿಗೆ ಬಾಡಿಗೆ ತೆಗೆದುಕೊಳ್ಳುತ್ತೇನೆ, ಊಟಕ್ಕೆ ರೊಕ್ಕ ಮುಟ್ಟುವುದಿಲ್ಲ, ನಾನು ಅನ್ನ ಮಾರುವವಳಲ್ಲ. ಹಾಗಾಗಿ ಒಲೆ ಬೇರೆ. ಆಕೆ ಖೋಲಿಯ ಮೂಲೆಯಲ್ಲಿ ಒಂದು ಸ್ಟೋವು ಹೂಡಿಕೊಂಡು ಎರಡು ಹೊತ್ತೂ ಅನ್ನ ಬೇಯಿಸಿಕೊಳ್ಳುತ್ತಿದ್ದಳು. ದವಾಖಾನೆಯ ಕೆಲಸ, ಹಳ್ಳಿಗಳ ತಿರುಗಾಟ, ಬಂದು ತಿಳಿಸಾರು ಅನ್ನ. ಹುಡುಗಿ ಕಡ್ಡಿಯಾದಳು. ನನಗೆ ನೋಡಲಾಗಲಿಲ್ಲ. ಒಂದು ದಿನ ಎರಡು ರೊಟ್ಟಿ, ಗುರೆಳ್ಳು ಚಟ್ನಿ ಒಯ್ದು ಮುಂದೆ ಇಟ್ಟೆ.

"ಹೆಚ್ಚಾಗ್ಯಾವ. ನಾಯಿಗಿ ಹಾಕೂದು ಬಿಟ್ಟು ನಿನಗ ತಂದೇನಿ, ತಿನ್ನು. ರೊಟ್ಟಿ ತಿಂದ್ರ ರಟ್ಟಿ ಗಟ್ಟಿ."

ಮರುದಿನವೂ ಹೆಚ್ಚಾದವು. ಅದರ ಮರುದಿನವೂ.

"ದಿನಾ ಹೇಗಮ್ಮ ಹೆಚ್ಚಾಗುತ್ತೆ?" ಎಂದಳು ಆಕೆ, ತುಟಿಯಲ್ಲೇ ನಗುತ್ತ.

"ನನಗ ಅಂದಾಜ ಬರೂದಿಲ್ಲ, ಏನ್ ಮಾಡ್ಲಿ?" ಎಂದು ಗದರಿಸಿ ಬಂದೆ.

ಒಬ್ಬಳೇ ಇದ್ದು ರೂಢಿಯಾದವಳಿಗೆ ಇನ್ನೊಬ್ಬರ ಸದ್ದು ಮೊದಮೊದಲು ಮುಳ್ಳು ಮುಟ್ಟಿದಂತೆ. ಸ್ಟೋವಿನ ಭುಸ್ ಎನ್ನುವ ಸದ್ದು, ಕೆಮ್ಮು, ಗುನುಗು. ಗಂಡ ಅಳತೆಪಟ್ಟಿ ತೂಗುಹಾಕುತ್ತಿದ್ದ ಗೂಟ ಖೋಲಿಯಲ್ಲಿ ಹಾಗೇ ಇತ್ತು. ಅದಕ್ಕೆ ಕೊಡೆ ಸಿಕ್ಕಿಸುವ ಮುಂಚೆ ಆಕೆ ಒಳಗೆ ಬಂದು ಕೇಳಿದಳು, "ಸಿಕ್ಕಿಸಲಾ ಅಮ್ಮ?" ಯಾರೂ ಹೇಳಿಕೊಟ್ಟದ್ದಲ್ಲ. ಅಂದಿನಿಂದ ಆ ಸದ್ದುಗಳು ನನ್ನ ಮನೆಯ ಸದ್ದುಗಳಾದವು.

ಇನ್ನು ಆ ಜಳಕದ ಕತೆ. ಮೊದಲ ಸಲ ಹೆರಿಗೆ ಮಾಡಿಸಿ ಬಂದಾಗ ಥಂಡಿಯ ದಿನ. ಹೇಳಿದ ಹಾಗೆ ಸಂದಿ ಹಿಡಿದು ಹಿತ್ತಲಿಗೆ ಹೋಗಿ ಬಾವಿಯ ತಣ್ಣೀರನ್ನೇ ಸುರುವಿಕೊಂಡಳು. ಹಲ್ಲು ಕಟಕಟ ಅನ್ನುವುದು ನನಗೆ ಅಡುಗೆಮನೆಗೆ ಕೇಳಿಸಿತು. ಅಯ್ಯೋ ಶಿವನೇ, ನಿಯಮ ಮಾಡಿದವಳೇ ನೀರನ್ನೂ ಕಾಸಬೇಕಲ್ಲ! ಮುಂದಿನ ಸಲ ಆಕೆ ಚೀಲ ಹಿಡಿದು ಹೊರಟ ಕೂಡಲೇ ಹಿತ್ತಲ ತಾಮ್ರದ ಹಂಡೆ ತುಂಬಿಸಿ, ತೊಗರಿಕಟ್ಟಿಗೆ ತುರುಕಿ ಬೆಂಕಿ ಹಚ್ಚಿದೆ. ನಾಲ್ಕು ಬೇವಿನೆಲೆ ಹಾಕಿದೆ. ಆಮೇಲೆ ಅದೇ ರೂಢಿಯಾಯಿತು. ಆಕೆ ಹಾಸುಗಲ್ಲಿನ ಮೇಲೆ ಕೂಡಬೇಕು, ನಾನು ಮುಟ್ಟದ ಹಾಗೆ ಎತ್ತರದಿಂದ ತಂಬಿಗೆಯಲ್ಲಿ ನೀರು ಹಾಕಬೇಕು.

"ಏನಾತು, ಹೆಣ್ಣೋ ಗಂಡೋ?"

"ಗಂಡು ಅಮ್ಮ. ತಲೆ ತುಂಬ ಕೂದಲು."

"ಯಾರನ್ನ ಹೋತೈತಿ?"

"ಅಜ್ಜನನ್ನಂತೆ. ಈಗಲೇ ಹುಬ್ಬು ಗಂಟು!"

ಹಾಗೆ ಊರಿನ ಎಷ್ಟೋ ಕೂಸುಗಳ ಹುಟ್ಟನ್ನು ನಾನು ಹಿತ್ತಲಲ್ಲಿ ನಿಂತು ಕೇಳಿದೆ. ಯಾರ ಮನೆಯೂ ಒಳಗೆ ಕರೆಯದಿದ್ದ ನನಗೆ ಎಲ್ಲರ ಮನೆಯ ಸುದ್ದಿ ಹಸಿಹಸಿಯಾಗಿ ಬರುತ್ತಿತ್ತು. ಚೀಲ ಹಿಡಿದು ಆಕೆ ಹೊರಟರೆ ನನಗೂ ಹಬ್ಬ. ಈಗ ನಾನು ಕಾಸುತ್ತಿದ್ದದ್ದು ಮೈಲಿಗೆ ಕಳೆಯುವ ನೀರಲ್ಲ, ದಣಿದು ಬರುವ ಮಗಳಿಗೆ ನೀರು. ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ ಅಷ್ಟೇ.

ಎರಡನೆಯ ವರ್ಷ, ಬೇಸಿಗೆಯ ಒಂದು ಮಧ್ಯಾಹ್ನ. ಹಳ್ಳಿಯೊಂದಕ್ಕೆ ಹೋಗಿದ್ದ ಆಕೆ ಹಿತ್ತಲಿಗೆ ಬಂದು ಹಾಸುಗಲ್ಲಿನ ಮೇಲೆ ಕೂಡಲೇ ಇಲ್ಲ. ಚೀಲ ಹಿಡಿದುಕೊಂಡು ನಿಂತೇ ಇದ್ದಳು.

"ಏನಾತು?" ಎಂದೆ.

"ಬಾಣಂತಿ ಹೋದಳಮ್ಮ. ಕೊನೆಗೆ ಕರೆಸಿದರು. ನಾನು ಮುಟ್ಟೋ ಹೊತ್ತಿಗೆ ಮೈಯಲ್ಲಿ ರಕ್ತವೇ ಇರಲಿಲ್ಲ." ಎರಡೂ ಕೈ ಮುಂದೆ ಚಾಚಿ ತೋರಿಸಿದಳು. ಗಡಗಡ ನಡುಗುತ್ತಿದ್ದವು. "ನನ್ನ ಕೈಗುಣ ಸರಿ ಇಲ್ಲಮ್ಮ."

ತಂಬಿಗೆ ಎಲ್ಲಿ ಬಿತ್ತೋ ನೋಡಲಿಲ್ಲ. ಹೋಗಿ ತಬ್ಬಿಕೊಂಡೆ. ಆಕೆಯ ಬೆವರು, ಆ ಸೀರೆಯ ಕಲೆ, ಎಲ್ಲಾ ನನಗೂ ಹತ್ತಿತು. ಅಳುವಷ್ಟು ಅಳಲಿ ಎಂದು ಬಿಟ್ಟೆ. ಆಮೇಲೆ ಇಬ್ಬರೂ ಜಳಕ ಮಾಡಿಯೇ ಒಳಗೆ ಹೋದೆವು. ನಿಯಮ ನಿಯಮವೇ.

ಆದರೆ ಆಕೆ ಮತ್ತೆ ಚೀಲ ಮುಟ್ಟಲಿಲ್ಲ. ದವಾಖಾನೆಗೆ ರಜೆ ಹೇಳಿ ಕಳಿಸಿದಳು. ಊರಿಗೆ ಹೋಗುತ್ತೇನೆ, ಅಪ್ಪ ಹೇಳಿದ ಹಾಗೆ ಕೇಳಿಕೊಂಡು ಇರುತ್ತೇನೆ ಎಂದಳು. ಸಮಾಧಾನ ಹೇಳಿದೆ, ಬೈದೆ, ರೊಟ್ಟಿ ಮುಂದಿಟ್ಟೆ. ರೊಟ್ಟಿ ಹಾಗೇ ಬಿರುಸಾದವು. ಕೊನೆಗೆ ನನಗೂ ಸಿಟ್ಟು ನೆತ್ತಿಗೇರಿತು. "ಹೋಗೂದಿದ್ರ ಹೋಗು, ನಿನ್ನ ಕಾಲಿಗಿ ಹಗ್ಗಾ ಹಾಕಿಲ್ಲ," ಎಂದು ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತೆ. ಆಕೆ ಹೋದರೆ ನಾನು ಮತ್ತೆ ಬಾಗಿಲು ಮುಂದೆ ಮಾಡಿಕೊಂಡು ಜೋಳ ಹಸನು ಮಾಡುವವಳೇ.

ಹೊರಡುವ ದಿನ ಮುಂಜಾನೆ ಹಾಸಿಗೆ ಸುತ್ತಿ, ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿ ಚಿಲಕ ಹಾಕಿದಳು. ಆಲಮಟ್ಟಿ ಸ್ಟೇಷನ್ನಿಗೆ ಹೋಗುವ ಮೋಟರಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಎದುರು ಮನೆಯ ಬಳೆಗಾರ ಓಡಿಬಂದ, ತಲೆಗೆ ಟೋಪಿಯೂ ಇರಲಿಲ್ಲ. ಆತನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು.

"ನಸುಕಿನಿಂದ ಬ್ಯಾನಿ ತಿನ್ನಾಕತ್ತಾಳ್ರಿ ಬಾಯಿ. ಕೂಸು ಬರವಲ್ದು. ನೀವು ಊರಿಗಿ ಹೋಗೂದು ಹೋಗ್ರಿ, ನನ್ನ ಮಗಳನ್ನ ಒಂದ ಸಲ ನೋಡಿ ಹೋಗ್ರಿ."

ಆಕೆ ಟ್ರಂಕಿನ ಮೇಲೆ ಕೂತು ತನ್ನ ಕೈಗಳನ್ನೇ ನೋಡುತ್ತಿದ್ದಳು. "ನನ್ನಿಂದ ಆಗಲ್ಲ. ಒಬ್ಬಳೇ ಆ ಕೋಣೆಯೊಳಗೆ ಹೋಗೋಕೆ ನನ್ನಿಂದ ಆಗಲ್ಲಮ್ಮ."

"ಒಬ್ಬಾಕಿ ಯಾಕ? ಏಳು! ನಿನ್ನ ಜೋಡಿ ನಾ ಬರ್ತೇನಿ," ಎಂದೆ.

ಅಂದ ಮೇಲೆ, ಹೆರಿಗೆಯ ಕೋಣೆಗೆ ನನ್ನನ್ನು ಬಿಡುವುದಿಲ್ಲ ಎಂಬುದು ನೆನಪಾಯಿತು. ಆದರೆ ಆಕೆ ಎದ್ದು ಚೀಲ ತೆಗೆದುಕೊಂಡಿದ್ದಳು.

ಬಳೆಗಾರನ ತಾಯಿ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು. ಕೆಟ್ಟವಳಲ್ಲ, ಪದ್ಧತಿಯ ಮುದುಕಿ. "ನರ್ಸಬಾಯಿ ಬರ್ಲಿ. ಆಕಿ ಬ್ಯಾಡ. ಚೊಚ್ಚಲ ಹೆರಿಗಿ ಐತಿ, ನಿನಗ ತಿಳೀಬೇಕವ್ವಾ," ಎಂದು ನನ್ನ ಮುಖ ನೋಡದೆ ಅಂದಳು.

ನನ್ನ ನಾಲಿಗೆ ಅವತ್ತೊಂದು ದಿನ ಏಳಲಿಲ್ಲ. ಮೆಟ್ಟಿಲು ಇಳಿಯಲು ಕಾಲು ತೆಗೆದೆ. ಹುಡುಗಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಅಜ್ಜಿ, ಇವರು ಬರದಿದ್ದರೆ ನಾನೂ ಬರಲ್ಲ. ನಿಮ್ಮ ಮನೆಯಲ್ಲಿ ಹೆಂಗಸರೆಲ್ಲ ಮೊಣಕೈತನಕ ಬಳೆ ತೊಟ್ಟಿದ್ದೀರಿ. ಬಸುರಿ ಹಿಡಿದು ಎಳೆದರೆ ಗಾಜು ಒಡೆದು ಚುಚ್ಚುತ್ತೆ. ತೊಟ್ಟ ಬಳೆ ಒಡೆದು ತೆಗೆಯೋದು ಅಪಶಕುನ ಅಂತ ಯಾರೂ ಒಪ್ಪಲ್ಲ, ಹೊತ್ತೂ ಇಲ್ಲ. ನನಗೆ ಬರಿಗೈ ಬೇಕು. ಇವರ ಕೈಯೇ ಬೇಕು."

ಮುದುಕಿ ಒಳಗೆ ತಿರುಗಿ ನೋಡಿದಳು. ಬಳೆಗಾರನ ಮನೆ! ಸೊಸೆಯರು, ಅಕ್ಕತಂಗಿಯರು, ಎಲ್ಲರ ಕೈಯಲ್ಲೂ ಕೆಂಪು ಹಸಿರು ತುಂಬಿ ತುಳುಕುತ್ತಿತ್ತು. ಒಳಗಿನಿಂದ ಮಗಳ ಚೀರಾಟ ಕೇಳಿತು. "ಅವ್ವಾ, ದಾರಿ ಬಿಡು," ಎಂದ ಬಳೆಗಾರ. ಮುದುಕಿ ಕೈ ಇಳಿಸಿದಳು.

ಒಳಗೆ ಹೋದ ಕೂಡಲೇ ನರ್ಸಬಾಯಿ ಸಾಬೂನು ಹಚ್ಚಿ ನನ್ನ ಕೈಗಳನ್ನು ಮೊಣಕೈವರೆಗೆ ಉಜ್ಜಿಸಿದಳು. ನಾನು ಬಸುರಿಯ ಬೆನ್ನಿಗೆ ಕೂತೆ. ಬಳೆಗಾರನ ಮಗಳು ನನ್ನ ಎರಡೂ ಮಣಿಕಟ್ಟು ಹಿಡಿದು ಎಳೆದ ಎಳೆತಕ್ಕೆ ತೋಳು ಕಿತ್ತು ಬಂದೀತು ಅನಿಸಿತು. "ಜಗ್ಗು ಮಗಳ, ಜಗ್ಗು! ಇವು ಒಡಿಯೂ ಕೈ ಅಲ್ಲ," ಎಂದೆ. ಎಷ್ಟು ಹೊತ್ತೋ ಗೊತ್ತಿಲ್ಲ. ನಡುವೆ ಎಲ್ಲೋ ಮೋಟರಿನ ಹಾರ್ನು ಕೇಳಿತು. ನಾನು ನನ್ನವಳ ಕೈ ನೋಡಿದೆ. ಆ ಕೈ ನಡುಗುತ್ತಿರಲಿಲ್ಲ.

ಹೆಣ್ಣು ಕೂಸು. ಮೊದಲು ಸುಮ್ಮನಿತ್ತು, ನೀಲಿ. ಆಕೆ ತಲೆಕೆಳಗೆ ಹಿಡಿದು ಬೆನ್ನು ತಟ್ಟಿದಳು, ಬಾಯಿ ಒರೆಸಿದಳು, ಮತ್ತೆ ತಟ್ಟಿದಳು. ಆಮೇಲೆ ಅದು ಅತ್ತಿತು ನೋಡಿ, ಅಬ್ಬಬ್ಬಾ, ಓಣಿಗೆಲ್ಲ ಕೇಳುವ ಹಾಗೆ. ಹೊಕ್ಕುಳಬಳ್ಳಿ ಕೊಯ್ದು ಅರಿವೆಯಲ್ಲಿ ಸುತ್ತಿ ಮೊದಲು ನನ್ನ ಕೈಗೆ ಕೊಟ್ಟಳು. ಬಿಸಿ ಬಿಸಿ ಇತ್ತು. ಇಷ್ಟು ದಿನ ಹಿತ್ತಲಲ್ಲಿ ನಿಂತು ಕೇಳಿದ್ದೆಲ್ಲ ನನ್ನ ಕೈಯಲ್ಲಿತ್ತು. ಮುದುಕಿ ಬಾಗಿಲಲ್ಲಿ ನಿಂತಿದ್ದಳು. "ಯಾರನ್ನ ಹೋತೈತ್ರಿ ಅಜ್ಜಿ, ಬಂದು ನೋಡ್ರಿ," ಎಂದು ನಾನೇ ಕರೆದೆ. ಬಂದು, ಕೂಸನ್ನು ನೋಡುವ ಮೊದಲು ನನ್ನ ಕೆನ್ನೆ ಸವರಿ ಬೆರಳು ನೆಟಿಕೆ ಮುರಿದಳು.

ಮನೆಗೆ ಬಂದೆವು, ರೂಢಿಯಂತೆ ಸಂದಿ ಹಿಡಿದು. ಹಿತ್ತಲಲ್ಲಿ ನಿಂತ ಮೇಲೆ ಗೊತ್ತಾಯಿತು. ಇಬ್ಬರೂ ಮೈಲಿಗೆ. ಹಂಡೆ ತಣ್ಣಗಿತ್ತು. ಬೆಂಕಿಪೆಟ್ಟಿಗೆ ಅಡುಗೆಮನೆಯ ಗೂಡಿನಲ್ಲಿ. ತಂದು ಕೊಡಲು ಒಳಗೆ ಯಾರೂ ಇಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಕೆಗೆ ನಗು ಬಂತು, ಎಷ್ಟೋ ದಿನದ ಮೇಲೆ. ನನಗೂ ಬಂತು. ಹೊಸ್ತಿಲು ದಾಟಿ ಒಳಗೆ ನಡೆದೆ.

"ಅಮ್ಮ, ಮೈಲಿಗೆ!"

"ಮಾಡಿದಾಕಿ ನಾನ, ಮುರಿಯಾಕಿನೂ ನಾನ. ಸುಮ್ಮನ ಕಟ್ಟಿಗಿ ಹಾಕು."

ನೀರು ಕಾಯ್ದಾಗ ಆಕೆಯೇ ನನ್ನನ್ನು ಹಾಸುಗಲ್ಲಿನ ಮೇಲೆ ಕೂಡಿಸಿ, ಬೆನ್ನು ಉಜ್ಜಿ ಉಜ್ಜಿ ನೀರು ಹಾಕಿದಳು. ಆಮೇಲೆ ತನ್ನ ಜಳಕ. ಉಡಲು ಬೇರೆ ಸೀರೆ ಬೇಕಲ್ಲ, ಒದ್ದೆ ಸೀರೆಯಲ್ಲೇ ಖೋಲಿಗೆ ಹೋದಳು. ನಾನು ಅಡುಗೆಮನೆಯಲ್ಲಿ ಉಸಿರು ಹಿಡಿದು ಕೇಳುತ್ತ ನಿಂತೆ. ಟ್ರಂಕಿನ ಚಿಲಕ ತೆಗೆದ ಸದ್ದು. ಹಾಸಿಗೆ ಬಿಚ್ಚಿದ ಸದ್ದು. ಗೂಟಕ್ಕೆ ಕೊಡೆ ಸಿಕ್ಕಿಸಿದ ಸದ್ದು. ಚಿಲಕ ಮತ್ತೆ ಹಾಕಿದ ಸದ್ದು ಬರಲಿಲ್ಲ.

"ಅಮ್ಮ," ಎಂದು ಖೋಲಿಯಿಂದಲೇ ಕೂಗಿದಳು, "ಇವತ್ತು ರೊಟ್ಟಿ ಹೆಚ್ಚಾಗಿದೆಯಾ?"

ಮುಂಜಾನೆಯಿಂದ ನಾನು ಒಲೆಯನ್ನೇ ಹಚ್ಚಿರಲಿಲ್ಲ.

"ಹೂಂ, ಹೆಚ್ಚಾಗ್ಯಾವ," ಎಂದು ಕಣ್ಣು ಒರೆಸಿಕೊಂಡು ಹಿಟ್ಟಿನ ಡಬ್ಬಿ ಇಳಿಸಿದೆ.