ಹಲಗೆಯ ಮೇಲೆ ಹಿಂದೆ ನೋಡದ ದಸ್ತಗಿರಮ್ಮ

ಕೋಸಗಿ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಬೇವಿನ ಮರದ ಪಕ್ಕದ ಮಣ್ಣುದಿಬ್ಬಕ್ಕೆ ಬೆನ್ನು ಕೊಟ್ಟು ಒಂದು ಪಿಕಪ್ ನಿಂತಿದೆ. ಅದರ ಹಿಂಬಾಗಿಲು ತೆರೆದು, ದಿಬ್ಬದಿಂದ ಪಿಕಪ್ಪಿನ ಬಾಡಿಯೊಳಕ್ಕೆ ಎರಡು ಹಲಗೆ ಚಾಚಿದ್ದಾರೆ. ಅಗಲದ ಕಬ್ಬಿಣದ್ದು ಬೈಕಿಗೆ, ಪಟ್ಟಿ ಹೊಡೆದ ಕಟ್ಟಿಗೆಯದು ಮನುಷ್ಯರ ಕಾಲಿಗೆ. ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸೊಬ್ಬಳು ಕಬ್ಬಿಣದ ಹಲಗೆಯನ್ನು ಹಗ್ಗದಿಂದ ಪಿಕಪ್ಪಿನ ಕೊಂಡಿಗೆ ಕಟ್ಟಿ, ಎಳೆದು ನೋಡಿ, ಸಮಾಧಾನವಾಗದೆ ಇನ್ನೊಮ್ಮೆ ಎಳೆಯುತ್ತಾಳೆ.

ಬೈಕಿನ ಒಡೆಯ ಹೊಸದಾಗಿ ಮದುವೆಯಾದವನು. ನಾಲ್ಕು ಜನರೆದುರು ಹಲಗೆಯ ಮೇಲೆ ಗಾಡಿ ಓಡಿಸಿಕೊಂಡೇ ಹತ್ತಬೇಕೆಂಬ ಆಸೆ ಅವನಿಗೆ. ಕಿಕ್ ಹೊಡೆಯಲು ಕಾಲು ಎತ್ತಿಯೂ ಆಗಿದೆ. ಹಗ್ಗ ಎಳೆಯುತ್ತಿದ್ದ ಹೆಂಗಸು, ದಸ್ತಗಿರಮ್ಮ, ಅಡ್ಡ ಬರುತ್ತಾಳೆ.

"ಇಳೀಯಪ್ಪ, ಹಲಿಗಿ ಮ್ಯಾಲೆ ಸವಾರಿ ಇಲ್ಲ. ಗುಂಟೂರಿನಾಗ ಬೇಕಾದಷ್ಟು ರೋಡ್ ಅದಾವ, ಅಲ್ಲಿ ಓಡ್ಸು. ಸದ್ಯ ನಿನ್ ಹೆಂಡ್ತಿದು ಒಂದು ಹಳೇ ಸೀರಿ ಕೊಡು."

ಹುಡುಗ ಇಳಿಯುತ್ತಾನೆ. ಹೆಂಡತಿ ನಗುತ್ತ ಗಂಟು ಬಿಚ್ಚಿ ಸೀರೆ ಕೊಡುತ್ತಾಳೆ. ಹೀಗೆ ಗತ್ತು ಇಳಿಸಿಕೊಂಡ ಗಂಡಸರು ದಸ್ತಗಿರಮ್ಮನ ಲೆಕ್ಕದಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಯಾರೂ ಬಿದ್ದಿಲ್ಲ ಎಂಬುದಷ್ಟೇ ಅವಳ ಸಮಾಧಾನ.

ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಕೋಸಗಿ ಸೀಮೆಯ ಅರ್ಧ ಊರು ಗುಂಟೂರಿನ ಕಡೆ ಮುಖ ಮಾಡುತ್ತದೆ. ಪಾತ್ರೆ, ಹಾಸಿಗೆ, ಜೋಳದ ಹಿಟ್ಟಿನ ಜೊತೆ ಈಗ ಬೈಕೂ ಹೊರಡಬೇಕು. ಬಿಡಾರ ಒಂದು ಕಡೆ, ಹೊಲ ಇನ್ನೊಂದು ಕಡೆ, ಸಂತೆ ಮತ್ತೊಂದು ಕಡೆ. ಅಲ್ಲಿ ಗಾಡಿ ಇಲ್ಲದವನು ಕಾಲಿಲ್ಲದವನೇ. ಆ ಬೈಕುಗಳನ್ನು ಗೀರು ಬೀಳದಂತೆ, ಕೈಕಾಲು ಮುರಿಯದಂತೆ ಪಿಕಪ್ಪಿಗೆ ಏರಿಸಿ ಕಟ್ಟುವುದು ದಸ್ತಗಿರಮ್ಮನ ಕಸುಬು. ಸುಗ್ಗಿಯಿಲ್ಲದ ದಿನಗಳಲ್ಲಿ ಆದೋನಿಯ ಮೆಕ್ಯಾನಿಕ್ಕುಗಳಿಗೆ ಹೋಗುವ ಕೆಟ್ಟ ಗಾಡಿಗಳು, ಮಂತ್ರಾಲಯದ ದಾರಿಯಲ್ಲಿ ಕೈಕೊಟ್ಟ ಭಕ್ತರ ಗಾಡಿಗಳು ಅವಳ ಪಾಲಿಗೆ ಬರುತ್ತವೆ. ರಾಯರ ದರ್ಶನವಾಗಿ ಗಾಡಿ ಕೆಟ್ಟರೆ ಮುಖ ಶಾಂತವಾಗಿರುತ್ತದಂತೆ, ದರ್ಶನಕ್ಕೆ ಮುಂಚೆ ಗಾಡಿ ಕೆಟ್ಟವರನ್ನು ಮಾತ್ರ ಮಾತಾಡಿಸಬಾರದಂತೆ.

ಕೆಲಸ ನೋಡುವುದಕ್ಕೆ ಬಲು ಸರಳ. ಪಿಕಪ್ಪನ್ನು ದಿಬ್ಬಕ್ಕೆ ಒತ್ತಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರೆ ಹಲಗೆಯ ಏರು ಅರ್ಧ ತಗ್ಗುತ್ತದೆ. ಮುಂದಿನವಳು ಕಟ್ಟಿಗೆಯ ಹಲಗೆಯ ಮೇಲೆ ನಡೆಯುತ್ತ ಹ್ಯಾಂಡಲ್ ಹಿಡಿಯಬೇಕು, ಬೆರಳು ಬ್ರೇಕಿನ ಮೇಲಿರಬೇಕು. ಹಿಂದಿನವರು ತಳ್ಳಬೇಕು. ಮೇಲೆ ಹೋದ ಮೇಲೆ ಮುಂಚಕ್ರ ಕ್ಯಾಬಿನ್ನಿನ ಗೋಡೆಗೆ ತಾಗಿಸಿ, ಗೇರಿಗೆ ಹಾಕಿ, ಹ್ಯಾಂಡಲಿನ ಎರಡೂ ಕಡೆಯಿಂದ ಹಗ್ಗ ಬಿಗಿದು ಗಾಡಿಯನ್ನು ಸ್ವಲ್ಪ ಕುಕ್ಕರಗಾಲಿನಲ್ಲಿ ಕೂತಂತೆ ತಗ್ಗಿಸಬೇಕು. ಹಗ್ಗ ಬಣ್ಣ ತಿನ್ನದಿರಲಿ ಎಂದು ನಡುವೆ ಮನೆಯವಳ ಹಳೇ ಸೀರೆ. ಇಷ್ಟೇ. ಆದರೆ ಹಿಂಚಕ್ರ ಹಲಗೆಯ ನಡುವಿಗೆ ಬಂದಾಗ ಹಲಗೆ ಒಂದಿಷ್ಟು ಕುಸಿಯುತ್ತದೆ. ಆಗ ಹಿಂದಿನ ಕೈ ಅರ್ಧ ಉಸಿರು ತಡೆದು, ಆಮೇಲೆ ಒತ್ತಬೇಕು. ಆ ತಡೆ ಗೊತ್ತಿಲ್ಲದವರು ಬರೀ ಬಲ ಹಾಕಿ ಗಾಡಿಯನ್ನು ಅಡ್ಡ ಕೆಡವುತ್ತಾರೆ.

"ಮುಂದ ಹಿಡಿದವ್ರು ಹಿಂದ ನೋಡಬಾರ್ದು," ಎನ್ನುತ್ತಾಳೆ ದಸ್ತಗಿರಮ್ಮ. "ಕುತ್ತಿಗಿ ತಿರುಗಿದ್ರ ಹ್ಯಾಂಡಲ್ಲೂ ತಿರುಗ್ತೈತಿ. ಹಿಂದ ಇದ್ದೋರ ಮ್ಯಾಲೆ ನಂಬಿಕಿ ಇಟ್ಟು ನಡೀಬೇಕ್ರಿ, ಅಷ್ಟ."

ಇದನ್ನೆಲ್ಲ ಅವಳಿಗೆ ಕಲಿಸಿದವನು ಗಂಡ ಮೌಲಾಲಿ. ಬೇವಿನ ಮರದ ಬುಡದ ಕಲ್ಲಿನ ಮೇಲೆ ಕೂತು ಹಗ್ಗದ ಸಿಕ್ಕು ಬಿಡಿಸುತ್ತಿರುವ, ಮಾತು ಕಡಿಮೆಯ ಮನುಷ್ಯ. ಹಲಗೆಗಳು ಅವನವು, ದಿಬ್ಬದ ಜಾಗ ಹುಡುಕಿದವನೂ ಅವನೇ. ಎಂಥೆಂಥ ಭಾರದ ಬುಲೆಟ್ಟುಗಳನ್ನು ಏರಿಸಿದ ಕೈ. ಅಂಥವನನ್ನು ಕೆಡವಿದ್ದು ಒಂದು ಮೊಪೆಡ್. ಕೆಲವು ವರ್ಷದ ಹಿಂದೆ ಡ್ರೈವರ್ ಅವಸರ ಮಾಡಿದ. ಹಗುರ ಗಾಡಿ, ಇದಕ್ಕೇನು ಹಗ್ಗ ಎಂದು ಮೌಲಾಲಿ ಒಬ್ಬನೇ ತಳ್ಳಿಕೊಂಡು ಹತ್ತಿದ. ಕಟ್ಟದ ಹಲಗೆ ಬಾಡಿಯಿಂದ ಜಾರಿತು. ಹಲಗೆ, ಮೊಪೆಡ್ ಎರಡೂ ಅವನ ಮೊಣಕಾಲಿನ ಮೇಲೆ ಬಿದ್ದವು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಆದರೆ ಅವತ್ತು ಆತುರ ಒಬ್ಬನದು, ಕಾಲು ಇನ್ನೊಬ್ಬನದು.

ಅವನು ಮಂಚ ಹಿಡಿದಾಗ ಹಲಗೆಗಳನ್ನು ಮಾರಿಬಿಡುವ ಮಾತು ಬಂತು. ದಸ್ತಗಿರಮ್ಮ ಮಾರಲಿಲ್ಲ. ಪಕ್ಕದ ಮನೆಯ ಶಿವಲಕ್ಷ್ಮಿಯನ್ನು ಹಿಂದೆ ನಿಲ್ಲಿಸಿಕೊಂಡು ತಾನು ಮುಂದೆ ನಿಂತಳು. ಹೆಂಗಸರ ಕೈಗೆ ಗಾಡಿ ಕೊಟ್ಟರೆ ಮುಗೀತು ಎಂದು ಚಹಾದಂಗಡಿಯಲ್ಲಿ ನಕ್ಕವರುಂಟು. ಈಗ ಅವರೇ ಹಿಂದಿನ ದಿನವೇ ಬಂದು ಸರದಿ ಹೇಳಿ ಹೋಗುತ್ತಾರೆ, ಸೀರೆಯನ್ನೂ ಮರೆಯದೆ ತರುತ್ತಾರೆ.

ಮೌಲಾಲಿಯ ಕಾಲು ಕೂಡಿದೆ. ಬಜಾರಿಗೆ ನಡೆಯುತ್ತಾನೆ, ನೀರು ಹೊರುತ್ತಾನೆ. ಹಲಗೆಯ ಹತ್ತಿರ ಬಂದರೆ ಮಾತ್ರ ಪಾದ ನೆಲ ಬಿಡುವುದಿಲ್ಲ.

"ಕಾಲು ನೆಟ್ಟಗಾಗೈತ್ರಿ, ಎದಿ ಆಗಿಲ್ಲ," ಎಂದು ಅವನೇ ಹೇಳಿ ಮತ್ತೆ ಹಗ್ಗಕ್ಕೆ ಕೈ ಹಾಕುತ್ತಾನೆ.

ನಿನಗೇನು ಬೇಕಮ್ಮ ಎಂದು ದಸ್ತಗಿರಮ್ಮನನ್ನು ಕೇಳಿದರೆ ಹೊಸ ಹಲಗೆ, ಸರ್ಕಾರದ ಸಹಾಯ ಯಾವುದೂ ಬಾಯಿಗೆ ಬರುವುದಿಲ್ಲ. ಮರದ ಕಡೆಗೊಮ್ಮೆ ನೋಡಿ ದನಿ ತಗ್ಗಿಸುತ್ತಾಳೆ. "ಹಿಂದ ಅವ್ರ ಕೈ ಒಂದು ಬಂದ್ರ ಸಾಕು. ಬರ್ರಿ ಅಂತ ನಾನು ಒಮ್ಮಿನೂ ಕರೆದಿಲ್ಲ. ಕರೆದ್ರ ನನ್ ಸಲುವಾಗಿ ಬರ್ತಾರ. ಹಂಗ ಬಂದ ಕೈಯಾಗ ನಡುಕ ಇರ್ತೈತಿ, ಅದು ಗಾಡಿಗಿ ತಿಳೀತೈತಿ."

ಅಷ್ಟು ಹೇಳುವಾಗ ಅವಳ ಕಣ್ಣು ತೇವವಾಗುತ್ತದೆ. ಅದನ್ನು ಮುಚ್ಚಿಕೊಳ್ಳಲು ಅವಳು ಇಲ್ಲದ ಕೆಲಸ ಹುಡುಕಿಕೊಂಡು ಹೊರಡುತ್ತಾಳೆ.

ಬಿಸಿಲು ಏರುವ ಹೊತ್ತಿಗೆ ಇವತ್ತಿನ ಗಾಡಿಗಳೆಲ್ಲ ಮೇಲೇರಿವೆ. ಶಿವಲಕ್ಷ್ಮಿ ಮಗುವಿಗೆ ಉಣಿಸಲು ಮನೆಗೆ ಹೋಗಿದ್ದಾಳೆ. ಹಲಗೆಯ ಹಗ್ಗ ಬಿಚ್ಚಿ ಮೌಲಾಲಿಯ ಮುಂದೆ ಸುತ್ತಿ ಇಟ್ಟಾಗಿದೆ. ಅಷ್ಟರಲ್ಲಿ ಹಿಂದಿನ ಬೀದಿಯ ಜಂಬಮ್ಮ ಏದುಸಿರು ಬಿಡುತ್ತ ಒಂದು ಹಳೆಯ ಮೊಪೆಡ್ ತಳ್ಳಿಕೊಂಡು ಬರುತ್ತಾಳೆ. ಮಗ ಗುಂಟೂರಿನಲ್ಲಿ ಕಾಯುತ್ತಿದ್ದಾನೆ, ಇದನ್ನು ಬಿಟ್ಟು ಹೋಗಬೇಡಿ ಎಂಬುದು ಅವಳ ಬೇಡಿಕೆ.

ಡ್ರೈವರ್ ನಾಗಣ್ಣ ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದಾನೆ. "ಜಲ್ದಿ ತಳ್ಳಕ್ಕಾ. ಮತ್ತ ಹಗ್ಗ ಯಾಕ? ಏಂ ಕಾದು, ಮೊಪೆಡ್ಡೇ ಕದಾ."

ಏನೂ ಆಗದು, ಮೊಪೆಡ್ಡೇ ತಾನೆ. ಮೌಲಾಲಿ ಬಿದ್ದ ದಿನವೂ ಇಂಥದೇ ಮಾತು ಕೇಳಿಬಂದಿತ್ತು. ದಸ್ತಗಿರಮ್ಮ ಉತ್ತರ ಕೊಡುವ ಮೊದಲೇ ಮರದ ಬುಡದಿಂದ ದನಿ ಬರುತ್ತದೆ.

"ನಾಗಣ್ಣ, ಗಾಡಿ ಬಂದ್ ಮಾಡು."

ಮೌಲಾಲಿ ಹಗ್ಗ ಹೆಗಲಿಗೆ ಹಾಕಿಕೊಂಡು ಬರುತ್ತಾನೆ. ದಿಬ್ಬದ ಮೇಲೆ ಬಗ್ಗಿ ಹಲಗೆಯನ್ನು ಕೊಂಡಿಗೆ ಕಟ್ಟುತ್ತಾನೆ, ಎಳೆದು ನೋಡುತ್ತಾನೆ, ಇನ್ನೊಮ್ಮೆ ಎಳೆಯುತ್ತಾನೆ. ನಾಗಣ್ಣ ಗೊಣಗುತ್ತ ಇಳಿದು ಹಿಂದೆ ಬರುತ್ತಾನೆ. ಇನ್ನು ತಳ್ಳುವವನು ನಾಗಣ್ಣನೇ ಎಂದುಕೊಂಡು ದಸ್ತಗಿರಮ್ಮ ಹ್ಯಾಂಡಲ್ ಹಿಡಿದು, ಮುಂದಕ್ಕೆ ಮುಖ ಮಾಡಿ, "ಹೂಂ" ಎನ್ನುತ್ತಾಳೆ.

ಮೊಪೆಡ್ ಏರುತ್ತದೆ. ಹಿಂಚಕ್ರ ನಡುವಿಗೆ ಬರುತ್ತದೆ, ಹಲಗೆ ಕುಸಿಯುತ್ತದೆ. ಹಿಂದಿನ ಕೈ ಅರ್ಧ ಉಸಿರು ತಡೆಯುತ್ತದೆ, ಆಮೇಲೆ ಮೆಲ್ಲಗೆ ಒತ್ತುತ್ತದೆ. ದಸ್ತಗಿರಮ್ಮನ ಹೆಜ್ಜೆ ಒಂದು ಗಳಿಗೆ ನಿಧಾನವಾಗುತ್ತದೆ, ಕುತ್ತಿಗೆ ಮಾತ್ರ ತಿರುಗುವುದಿಲ್ಲ. ಗಾಡಿ ಮೇಲೆ ಹೋಗಿ ಮುಂಚಕ್ರ ಕ್ಯಾಬಿನ್ನಿನ ಗೋಡೆಗೆ ತಾಗಿದ ನಂತರ ಅವಳು ಜಂಬಮ್ಮನ ಸೀರೆಗೆಂದು ಕೈ ಚಾಚಿದಾಗ, ಅದನ್ನು ಮಡಿಸಿ ಕೊಡುವವನು ಅದೇ ಬಾಡಿಯಲ್ಲಿ ನಿಂತ ಮೌಲಾಲಿ. ನಾಗಣ್ಣ ಕೆಳಗೆ ಕೈಕಟ್ಟಿ ನಿಂತಿದ್ದಾನೆ. ಗಂಡ ಹೆಂಡತಿ ಹ್ಯಾಂಡಲಿನ ಒಂದೊಂದು ಕಡೆ ನಿಂತು ಹಗ್ಗ ಬಿಗಿಯುತ್ತಾರೆ.

ಪಿಕಪ್ ಹೊರಟು ಧೂಳು ಇಳಿದ ಮೇಲೆ, ತಳ್ಳುತ್ತಿರುವವರು ಯಾರೆಂದು ತಿರುಗಿ ನೋಡಬೇಕೆನಿಸಲಿಲ್ಲವೇ ಎಂದು ಕೇಳಿದರೆ ದಸ್ತಗಿರಮ್ಮ ಹಲಗೆ ಒರೆಸುತ್ತಲೇ ಹೇಳುತ್ತಾಳೆ:

"ಯಾಕ ನೋಡ್ಲಿ? ನನಗ ಆ ತಡಿ ಕಲಿಸಿದ ಕೈ ಅದು. ಗುರ್ತು ಸಿಗಂಗಿಲ್ಲೇನ್ರಿ?"